ನೆಲದೊಳಗಿನ ಹಳೆಯ ಕಾಡತೂಸುಗಳು: ಗುರುತಿಸುವ ಬಗೆ ಮತ್ತು ವಹಿಸಬೇಕಾದ ಎಚ್ಚರ



ಮನೆಯ ಅಡಿಪಾಯ ತೋಡುವಾಗ, ಹೊಲ ಉಳುವಾಗ, ಕೆರೆಯ ಹೂಳೆತ್ತುವಾಗ, ಹಳೆಯ ದಂಡುಪ್ರದೇಶದ ಬಯಲಿನಲ್ಲಿ ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋದಾಗ ಬೆರಳುದ್ದದ ಹಿತ್ತಾಳೆಯ ಕೊಳವೆಗಳು ಕಣ್ಣಿಗೆ ಬೀಳುವುದುಂಟು. ಲೋಹಶೋಧಕ ಯಂತ್ರಗಳು ಇತ್ತೀಚಿನ ವರ್ಷಗಳಲ್ಲಿ ಅಗ್ಗವಾಗಿ ಜನರ ಕೈಗೆ ಸಿಗುತ್ತಿರುವುದರಿಂದ ಇಂತಹ ವಸ್ತುಗಳನ್ನು ಹುಡುಕಿ ತೆಗೆಯುವ ಹವ್ಯಾಸವೂ ಅಲ್ಲಲ್ಲಿ ಕಾಣಿಸಿಕೊಂಡಿದೆ. ಈ ಕೊಳವೆಗಳಲ್ಲಿ ಬಹುಪಾಲು ಬಂದೂಕಿನಿಂದ ಹಾರಿಸಿದ ನಂತರ ಹೊರಬಿದ್ದ ಕಾಡತೂಸಿನ ಖಾಲಿ ಕವಚಗಳು. ಕೆಲವು ಮಾತ್ರ ಖಾಲಿಯಾಗಿರುವುದಿಲ್ಲ. ಈ ಎರಡರ ವ್ಯತ್ಯಾಸವನ್ನು ತಿಳಿಯದೆ ಕೈಹಾಕಿ ಬೆರಳು, ಕಣ್ಣು, ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ.

ಖಡಕಿ, ದೇವಳಾಲಿ, ಸಿಕಂದರಾಬಾದ್, ಚೆನ್ನೈನ ಸೇಂಟ್ ಥಾಮಸ್ ಮೌಂಟ್, ದೆಹಲಿಯ ದಂಡು ಮೊದಲಾದ ಸೇನಾ ನೆಲೆಗಳ ನೆರೆಹೊರೆಯಲ್ಲಿ ಇಂದು ದಟ್ಟವಾದ ಜನವಸತಿ ಬೆಳೆದಿದೆ. ಹೊರನಾಡ ಕನ್ನಡಿಗರ ಅನೇಕ ಕುಟುಂಬಗಳೂ ಅಲ್ಲಿ ನೆಲೆಸಿವೆ. ಆದುದರಿಂದ ಹಳೆಯ ಕಾಡತೂಸನ್ನು ಗುರುತಿಸುವ ಸಾಮಾನ್ಯ ಜ್ಞಾನ ಕೇವಲ ಹವ್ಯಾಸಿಗಳಿಗೆ ಮೀಸಲಾದ ವಿಷಯವಾಗಿ ಉಳಿದಿಲ್ಲ. ಈ ಜ್ಞಾನಕ್ಕೆ ಒಂದು ಕ್ರಮವಿದೆ. ಸಿಕ್ಕಿದ ವಸ್ತು ಖಾಲಿಯೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಅದು ಯಾವುದು, ಯಾವ ಕಾಲದ್ದು, ಎಲ್ಲಿ ತಯಾರಾದದ್ದು ಎಂಬ ವಿಚಾರಣೆ ಅದರ ನಂತರದ್ದು. ಈ ಕ್ರಮ ಹಿಂದುಮುಂದಾದರೆ ಅಪಾಯ ತಪ್ಪಿದ್ದಲ್ಲ.

ಕಾಡತೂಸಿನ ರಚನೆ

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ. ತುದಿಯಲ್ಲಿರುವುದು ಗುಂಡು. ಸಾಮಾನ್ಯವಾಗಿ ಇದು ಒಳಗೆ ಸೀಸ, ಹೊರಗೆ ಮತ್ತೊಂದು ಲೋಹದ ಹೊದಿಕೆ ಉಳ್ಳದ್ದು. ಅದರ ಹಿಂದೆ ಕೊಳವೆಯಾಕಾರದ ಕವಚ. ಕವಚದೊಳಗೆ ಮದ್ದು. ತಳದ ನಡುವೆ ಪುಟ್ಟ ಬಟ್ಟಲಿನಂತೆ ಕುಳಿತಿರುವುದು ಕೇಪು. ಬಂದೂಕಿನ ಮೊಳೆ ಕೇಪಿಗೆ ಬಡಿದಾಗ ಅದರಲ್ಲಿರುವ ಅತಿಸೂಕ್ಷ್ಮ ಸ್ಫೋಟಕ ಕಿಡಿಯಾಗುತ್ತದೆ, ಕಿಡಿಯಿಂದ ಮದ್ದು ಹೊತ್ತಿಕೊಳ್ಳುತ್ತದೆ, ಮದ್ದಿನ ಅನಿಲ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ದೂರ ಹೋಗಿ ಬೀಳುತ್ತದೆ. ಕವಚ ಹಾರಿಸಿದವನ ಪಕ್ಕದಲ್ಲೇ ಬೀಳುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳಲಿರುವ ಅನೇಕ ವಿಷಯಗಳು ಸುಲಭವಾಗಿ ಅರ್ಥವಾಗುತ್ತವೆ.

ಕವಚಕ್ಕೆ ಹೆಚ್ಚಾಗಿ ಬಳಸುವ ಲೋಹ ಸುಮಾರು ಶೇಕಡಾ 70 ಭಾಗ ತಾಮ್ರ, 30 ಭಾಗ ಸತುವು ಬೆರೆತ ಹಿತ್ತಾಳೆ. ಹಿತ್ತಾಳೆ ತುಕ್ಕು ಹಿಡಿದು ಪುಡಿಯಾಗುವುದಿಲ್ಲ. ಹಸಿರು ಕಿಲುಬು ಕಟ್ಟಿಕೊಂಡು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಆ ಕಿಲುಬಿನ ಅಡಿಯಲ್ಲಿ ಅಕ್ಷರಗಳೂ ಉಳಿಯುತ್ತವೆ. ಒಳಗಿನ ಮದ್ದು ಮತ್ತು ಕೇಪಿನ ಸ್ಫೋಟಕವೂ ಉಳಿದಿರಬಹುದು.

ಮೊದಲ ಪ್ರಶ್ನೆ: ಅದು ಖಾಲಿಯೇ?

ಈ ಪರೀಕ್ಷೆಯನ್ನು ಕೈಯಿಂದ ಮುಟ್ಟದೆ, ಬಾಗಿ ನೋಡಿಯೇ ಮಾಡಬೇಕು. ಕೊಳವೆಯ ಬಾಯಿ ತೆರೆದಿದ್ದು, ಅದರಲ್ಲಿ ಗುಂಡಿಲ್ಲದೆ, ತಳದ ಕೇಪಿನ ನಡುವೆ ಮೊಳೆ ಬಡಿದ ಗುಳಿ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಹಾರಿಸಿದ ಖಾಲಿ ಕವಚ. ಈ ಎರಡು ಲಕ್ಷಣಗಳೂ ಒಟ್ಟಿಗೆ ಇರಬೇಕು; ಒಂದೇ ಇದ್ದರೆ ಸಾಲದು.

ಬಾಯಿಯಲ್ಲಿ ಗುಂಡು ಇನ್ನೂ ಕುಳಿತಿದ್ದರೆ ಅದನ್ನು ಜೀವಂತ ಕಾಡತೂಸು ಎಂದೇ ಭಾವಿಸಬೇಕು. ಇಲ್ಲಿ ಅನೇಕರು ತಪ್ಪುವ ಒಂದು ಸೂಕ್ಷ್ಮವಿದೆ. ಕೆಲವು ಕಾಡತೂಸುಗಳಲ್ಲಿ ಗುಂಡೂ ಇರುತ್ತದೆ, ಕೇಪಿನಲ್ಲಿ ಗುಳಿಯೂ ಇರುತ್ತದೆ. ಮೊಳೆ ಬಡಿದರೂ ಹೊತ್ತಿಕೊಳ್ಳದೆ ಉಳಿದ ಕಾಡತೂಸು ಅದು. ಗುಳಿಯನ್ನು ನೋಡಿ ‘ಇದು ಆಗಲೇ ಹಾರಿದೆ’ ಎಂದುಕೊಂಡು ಸುತ್ತಿಗೆಯಿಂದ ತಟ್ಟುವುದು, ಇಕ್ಕಳದಿಂದ ಗುಂಡನ್ನು ಕೀಳುವುದು ಅತ್ಯಂತ ಅಪಾಯಕಾರಿ.

ಬಾಯಿ ತೆರೆದಿದ್ದರೂ ಕೇಪಿನಲ್ಲಿ ಗುಳಿಯಿಲ್ಲದಿದ್ದರೆ ಗುಂಡು ಕಳಚಿ ಬಿದ್ದಿರಬಹುದು, ಕೇಪು ಮಾತ್ರ ಸಿಡಿಯದೆ ಉಳಿದಿರಬಹುದು. ಬಾಯಿಯನ್ನು ಹೂವಿನ ಮೊಗ್ಗಿನಂತೆ ಮಡಿಸಿ ಮುಚ್ಚಿದ್ದರೆ ಅದು ಶಬ್ದಕ್ಕಾಗಿ ಮಾತ್ರ ಬಳಸುವ ಗುಂಡಿಲ್ಲದ ಕಾಡತೂಸು, ಅದರಲ್ಲಿಯೂ ಮದ್ದಿರುತ್ತದೆ. ಕವಚದ ಮೈಯಲ್ಲಿ ಕೊರೆದ ತೂತುಗಳಿದ್ದು ಕೇಪು ಇಲ್ಲದಿದ್ದರೆ ಅದು ಸೈನಿಕರ ಕವಾಯತಿಗೆ ಬಳಸುವ ನಕಲಿ ಕಾಡತೂಸು ಆಗಿರಬಹುದು. ಆದರೆ ಈ ನಿರ್ಣಯವನ್ನು ತಿಳಿದವರಿಗೆ ಬಿಡುವುದು ಉಚಿತ. ಸಂದೇಹ ಬಂದಲ್ಲಿ ವಸ್ತುವನ್ನು ಇದ್ದಲ್ಲಿಯೇ ಬಿಟ್ಟು ಹಿಂದೆ ಸರಿಯಬೇಕು. ಇಲ್ಲಿಂದ ಮುಂದೆ ಹೇಳುವ ಗುರುತಿಸುವ ವಿಧಾನಗಳೆಲ್ಲವೂ ಖಾಲಿಯೆಂದು ಖಚಿತವಾದ ಕವಚಕ್ಕೆ ಮಾತ್ರ ಅನ್ವಯಿಸುತ್ತವೆ.

ಕಾಲದ ಮೊದಲ ಗೆರೆ

ಹಿತ್ತಾಳೆಯ ಕವಚ ಯುದ್ಧದ ಇತಿಹಾಸದಲ್ಲಿ ಅಷ್ಟೇನೂ ಹಳೆಯ ವಸ್ತುವಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಎರಡೂ ಕಡೆಯ ಬಂದೂಕುಗಳಲ್ಲಿ ಬಳಕೆಯಾದದ್ದು ಬಿಡಿ ಸೀಸದ ಗುಂಡು ಮತ್ತು ಕರಿಮದ್ದು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಕಾಡತೂಸು ಕೊಬ್ಬು ಸವರಿದ ಕಾಗದದ ಪೊಟ್ಟಣವಾಗಿತ್ತು. ಕಾಗದ ಮಣ್ಣಿನಲ್ಲಿ ಉಳಿಯದು. ಆ ಕಾಲದ ರಣಭೂಮಿಗಳಲ್ಲಿ ಸಿಗುವುದು ಸೀಸದ ಗುಂಡುಗಳೇ ಹೊರತು ಕವಚಗಳಲ್ಲ. ಟಿಪ್ಪುವಿನ ಕಾಲದ ಹಿತ್ತಾಳೆ ಕಾಡತೂಸು ಎಂದು ಯಾರಾದರೂ ಮಾರಲು ಬಂದರೆ ಅದನ್ನು ನಂಬಬೇಕಾದ ಕಾರಣವಿಲ್ಲ. ಟಿಪ್ಪುವಿನ ಕಾಲದ್ದೆಂದು ಗುರುತಿಸಲಾದ ಯುದ್ಧಸಾಮಗ್ರಿ ಬೇರೆ ಬಗೆಯದು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ದೊರೆತವು. ಸಂಬಂಧಪಟ್ಟ ಇಲಾಖೆಯವರು ಕ್ರಮಬದ್ಧವಾಗಿ ಅಗೆದುದರಿಂದ ಅವು ಇತಿಹಾಸದ ಸಾಕ್ಷ್ಯಗಳಾಗಿ ಉಳಿದವು.

1860ರ ದಶಕದ ಉತ್ತರಾರ್ಧದಲ್ಲಿ ಸ್ನೈಡರ್ ಬಂದೂಕಿನೊಂದಿಗೆ ಲೋಹದ ಕವಚ ಬ್ರಿಟಿಷ್ ಸೈನ್ಯಕ್ಕೆ ಬಂದಿತು. ತೆಳುವಾದ ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿ, ಕಬ್ಬಿಣದ ತಳಕ್ಕೆ ಬಿಗಿದು ಅದನ್ನು ಮಾಡುತ್ತಿದ್ದರು. ಮಣ್ಣಿನಲ್ಲಿ ಈ ಹಾಳೆ ಹರಿದು, ತಳ ಬೇರ್ಪಟ್ಟು ಸಿಗುವುದೇ ಹೆಚ್ಚು. 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ಬಂದೂಕಿನ ಕಾಡತೂಸು ಸೀಸೆಯಂತೆ ಹೆಗಲು ಮತ್ತು ಕತ್ತು ಉಳ್ಳದ್ದು. ಇಡೀ ಕವಚವನ್ನು ಒಂದೇ ತುಂಡು ಹಿತ್ತಾಳೆಯಿಂದ ಎಳೆದು ತಯಾರಿಸುವ ಪದ್ಧತಿ ಅನಂತರ ನೆಲೆಗೊಂಡಿತು. ಹೀಗೆ ಕವಚದ ರಚನೆಯನ್ನು ನೋಡಿದ ಮಾತ್ರಕ್ಕೇ ಕಾಲದ ಮೊದಲ ಗೆರೆಯನ್ನು ಎಳೆಯಬಹುದು.

ಅಳತೆ ಮತ್ತು ಆಕಾರ

ನಮ್ಮ ದೇಶದ ನೆಲದಲ್ಲಿ ಸಾಮಾನ್ಯವಾಗಿ ಸಿಗುವ ಹಳೆಯ ಕವಚ ‘ತ್ರೀ ನಾಟ್ ತ್ರೀ’ ಎಂದು ಹಳ್ಳಿಗಳಲ್ಲಿಯೂ ಹೆಸರಾದ 0.303 ಇಂಚಿನ ರೈಫಲ್ಲಿನದು. ಈ ಕಾಡತೂಸು 1888ರಲ್ಲಿ ಬಳಕೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಅದರ ಕರಿಮದ್ದಿನ ಬದಲು ಶಾವಿಗೆಯ ಎಳೆಗಳಂತೆ ಕಾಣುವ ಕಾರ್ಡೈಟ್ ಎಂಬ ಮದ್ದು ಬಂದಿತು. ಖಾಲಿ ಕವಚದ ಉದ್ದ ಸುಮಾರು 56 ಮಿಲಿಮೀಟರ್. ಅದರ ತಳದ ಅಂಚು ಕವಚದ ಮೈಗಿಂತ ಹೊರಕ್ಕೆ ಚಾಚಿಕೊಂಡಿರುತ್ತದೆ. ಅಂಚಿನ ವ್ಯಾಸ ಸುಮಾರು 13.7 ಮಿಲಿಮೀಟರ್. ಹೀಗೆ ಅಂಚು ಚಾಚಿದೆಯೇ, ಇಲ್ಲವೇ ಮೈಯ ಮಟ್ಟಕ್ಕೇ ಇದ್ದು ಅದರ ಮೇಲೆ ಒಂದು ತೋಡು ಕೊರೆದಿದೆಯೇ ಎಂಬುದು ಗುರುತಿಸುವಿಕೆಯಲ್ಲಿ ಮುಖ್ಯವಾದ ಭೇದ.

ಚೀನಾದೊಡನೆ ನಡೆದ 1962ರ ಯುದ್ಧದ ನಂತರದ ವರ್ಷಗಳಲ್ಲಿ ಭಾರತೀಯ ಸೇನೆಯಲ್ಲಿ ವ್ಯಾಪಕವಾದ 7.62 ಮಿಲಿಮೀಟರ್ ರೈಫಲ್ಲಿನ ಕವಚ 51 ಮಿಲಿಮೀಟರ್ ಉದ್ದವಿದ್ದು, ಅಂಚು ಚಾಚಿರುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಇನ್ಸಾಸ್ ರೈಫಲ್ಲಿನ 5.56 ಮಿಲಿಮೀಟರ್ ಕವಚ ಇನ್ನೂ ಸಣ್ಣದು, 45 ಮಿಲಿಮೀಟರ್ ಉದ್ದ. ಪಿಸ್ತೂಲು ಮತ್ತು ಕಾರ್ಬೈನುಗಳ 9 ಮಿಲಿಮೀಟರ್ ಕವಚ ಸುಮಾರು 19 ಮಿಲಿಮೀಟರ್ ಉದ್ದದ, ಕತ್ತಿಲ್ಲದ ಗಿಡ್ಡ ಕೊಳವೆ.

ಭಾರತಕ್ಕೇ ವಿಶಿಷ್ಟವಾದ ಒಂದೆರಡು ಬಗೆಗಳೂ ಇವೆ. ಕಾವಲಿನವರಿಗೆ ಕೊಡಲೆಂದು ಹಳೆಯ ರೈಫಲ್ಲುಗಳನ್ನು ಈಶಾಪುರದ ಕಾರ್ಖಾನೆಯಲ್ಲಿ ಒಂದೇ ಗುಂಡಿನ 0.410 ಇಂಚಿನ ಮಸ್ಕೆಟ್‌ಗಳಾಗಿ ಮಾರ್ಪಡಿಸಲಾಯಿತು. ಅದರ ಕವಚ ತ್ರೀ ನಾಟ್ ತ್ರೀಯದನ್ನೇ ಹೋಲುತ್ತದೆ; ಆದರೆ ಕತ್ತು ಕಿರಿದಾಗದೆ ಕೊನೆಯವರೆಗೂ ಅಗಲವಾಗಿಯೇ ಇರುತ್ತದೆ. ಸೇನೆಯ ಅಳತೆಯ ಬಂದೂಕು ನಾಗರಿಕರಿಗೆ ಸಿಗಬಾರದೆಂಬ ನಿಯಮವಿದ್ದುದರಿಂದ ಪರವಾನಗಿದಾರರಿಗಾಗಿ 0.315 ಇಂಚಿನ ರೈಫಲ್ ಬಂದಿತು. ಅದರ ಕವಚವೂ ಅಂಚು ಚಾಚಿದ್ದೇ. ಉದ್ದ ಮಾತ್ರ ಸುಮಾರು 50 ಮಿಲಿಮೀಟರ್. ಅಳೆಯದೆ ಕಣ್ಣಂದಾಜಿನಲ್ಲಿ ಹೇಳಿದರೆ ಇವು ಮೂರೂ ಒಂದೇ ಎಂದು ತೋರುತ್ತವೆ.

ಬೇಟೆಯ ಕೋವಿಯ 12 ಬೋರ್ ಕಾಡತೂಸು ಬೇರೆ ಜಾತಿಯದು. ಅದರ ಕೊಳವೆ ಹಿಂದೆ ರಟ್ಟಿನದಾಗಿತ್ತು, ಈಗ ಪ್ಲಾಸ್ಟಿಕ್ಕಿನದು. ತಳದಲ್ಲಿ ಮಾತ್ರ ಲೋಹದ ಬಿಲ್ಲೆ. ಮಣ್ಣಿನಲ್ಲಿ ರಟ್ಟು ಕೊಳೆತು, ಸುಮಾರು 22 ಮಿಲಿಮೀಟರ್ ಅಗಲದ ಬಿಲ್ಲೆಯಷ್ಟೇ ಉಳಿಯುತ್ತದೆ. ಹಳೆಯ ನಾಣ್ಯ ಅಥವಾ ಗುಂಡಿಯೆಂದು ಭ್ರಮಿಸಿ ಇದನ್ನು ಎತ್ತಿಟ್ಟುಕೊಳ್ಳುವವರು ಬಹಳ. ಎನ್.ಸಿ.ಸಿ. ವಿದ್ಯಾರ್ಥಿಗಳಿಗೆ ಪರಿಚಿತವಾದ 0.22 ಇಂಚಿನ ಪುಟ್ಟ ಕವಚದ ತಳದಲ್ಲಿ ಕೇಪೇ ಇರುವುದಿಲ್ಲ. ಸ್ಫೋಟಕ ಅಂಚಿನೊಳಗೇ ಇರುವುದರಿಂದ ಮೊಳೆಯ ಗುರುತು ನಡುವೆ ಕಾಣದೆ ಅಂಚಿನಲ್ಲಿ ಕಾಣುತ್ತದೆ.

ಈ ಅಳತೆಗಳಿಗೆ ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಸಾಕು. ಜೊತೆಗೆ ಒಂದು ಅಯಸ್ಕಾಂತವೂ ಉಪಯುಕ್ತ: ಹಿತ್ತಾಳೆಯನ್ನು ಅದು ಎಳೆಯದು, ಉಕ್ಕಿನ ಕವಚವನ್ನು ಎಳೆಯುತ್ತದೆ.

ತಳಮುದ್ರೆಯನ್ನು ಓದುವುದು

ಕವಚದ ತಳದಲ್ಲಿ ಕೇಪಿನ ಸುತ್ತ ಒತ್ತಿದ ಅಕ್ಷರ ಮತ್ತು ಅಂಕಿಗಳಿಗೆ ತಳಮುದ್ರೆ ಎನ್ನಬಹುದು. ಕಾಡತೂಸಿನ ಜನ್ಮಪತ್ರವೆಂದರೂ ಸಲ್ಲುತ್ತದೆ. ತಯಾರಿಸಿದ ಕಾರ್ಖಾನೆ, ತಯಾರಾದ ಇಸವಿ, ಕಾಡತೂಸಿನ ಬಗೆ ಇವು ಸಾಮಾನ್ಯವಾಗಿ ಅದರಲ್ಲಿರುತ್ತವೆ.

ಭಾರತದಲ್ಲಿ ಹೆಚ್ಚಾಗಿ ಕಾಣುವ ಮುದ್ರೆ ಇಂಗ್ಲಿಷಿನ ಕೆ ಮತ್ತು ಎಫ್ ಅಕ್ಷರಗಳದು. ಇದು ಪುಣೆಯ ಖಡಕಿಯಲ್ಲಿ 1869ರಲ್ಲಿ ಸ್ಥಾಪನೆಯಾದ ಮದ್ದುಗುಂಡು ಕಾರ್ಖಾನೆಯ ಗುರುತು. ಬ್ರಿಟಿಷರ ಕಾಲದ ಕವಚಗಳಲ್ಲಿ ಈ ಅಕ್ಷರಗಳ ಜೊತೆಗೆ ಬಾಣದ ತುದಿಯಂತಹ ಮೂರು ಗೆರೆಗಳ ಚಿಹ್ನೆ ಕಾಣಬಹುದು; ಅದು ಸರ್ಕಾರಿ ಸ್ವತ್ತೆಂಬ ಮುದ್ರೆ. ಓ, ಎಫ್, ವಿ ಅಕ್ಷರಗಳಿದ್ದರೆ ಅದು ಜಳಗಾಂವ್ ಜಿಲ್ಲೆಯ ವರಣಗಾಂವ್ ಕಾರ್ಖಾನೆಯದು. ಆ ಕಾರ್ಖಾನೆ ಆರಂಭವಾದದ್ದು 1964ರಲ್ಲಿ. ಆದ್ದರಿಂದ ಆ ಮುದ್ರೆಯ ಕವಚ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಈ ಎರಡು ಕಾರ್ಖಾನೆಗಳೂ 2021ರ ಅಕ್ಟೋಬರ್ 1ರಿಂದ ಪುಣೆಯಲ್ಲಿ ಕೇಂದ್ರ ಕಚೇರಿಯುಳ್ಳ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ಯಮಕ್ಕೆ ಸೇರಿವೆ.

ಹೊರದೇಶದ ಮುದ್ರೆಗಳೂ ವಿರಳವಲ್ಲ. ಆರ್ ಮತ್ತು ಎಲ್ ಅಕ್ಷರಗಳು ಇಂಗ್ಲೆಂಡಿನ ವುಲ್ವಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯನ್ನು, ಎಂ ಮತ್ತು ಎಫ್ ಅಕ್ಷರಗಳು ಆಸ್ಟ್ರೇಲಿಯಾದ ಫುಟ್ಸ್‌ಕ್ರೇ ಕಾರ್ಖಾನೆಯನ್ನು, ಡಿ, ಎ, ಸಿ ಅಕ್ಷರಗಳು ಕೆನಡಾದ ಡೊಮಿನಿಯನ್ ಆರ್ಸೆನಲ್ಲನ್ನು ಸೂಚಿಸುತ್ತವೆ. ಕೆ ಅಕ್ಷರ ಒಂಟಿಯಾಗಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಂಪನಿಯದಾಗಿರಬಹುದು. ಅದನ್ನು ಅವಸರದಿಂದ ಖಡಕಿಗೆ ಸೇರಿಸಬಾರದು.

ಇಸವಿಯನ್ನು ಸಾಮಾನ್ಯವಾಗಿ ಕೊನೆಯ ಎರಡು ಅಂಕಿಗಳಲ್ಲಿ ಒತ್ತುತ್ತಾರೆ. 43 ಎಂದರೆ 1943. ತ್ರೀ ನಾಟ್ ತ್ರೀಯ ಅತ್ಯಂತ ಹಳೆಯ ಕವಚಗಳಲ್ಲಿ ಇಸವಿಯೇ ಇರುವುದಿಲ್ಲ. ರೋಮನ್ ಅಂಕಿಯ ಏಳು ಇದ್ದರೆ ಅದು 1910ರಲ್ಲಿ ಬಂದ ಚೂಪು ಮೊನೆಯ ಏಳನೆಯ ಮಾದರಿಯ ಗುಂಡಿನ ಗುರುತು. ಮುಂದೆ ಇದೇ ಅಂಕಿಯನ್ನು ಸಾಧಾರಣ 7 ಎಂದು ಒತ್ತತೊಡಗಿದರು. ಅದರ ಪಕ್ಕದ ಜೆಡ್ ಅಕ್ಷರ ಕಾರ್ಡೈಟಿನ ಬದಲು ನೈಟ್ರೋಸೆಲ್ಯುಲೋಸ್ ಮದ್ದು ತುಂಬಿದ್ದನ್ನು ತಿಳಿಸುತ್ತದೆ. ಜಿ ಅಕ್ಷರವಿದ್ದರೆ ಹಾರುವಾಗ ಬೆಳಕಿನ ಗೆರೆ ಬಿಡುವ ಗುಂಡು, ಡಬ್ಲ್ಯೂ ಇದ್ದರೆ ಲೋಹದ ತಗಡನ್ನು ತೂರುವ ಗುಂಡು, ಬಿ ಇದ್ದರೆ ಬೆಂಕಿ ಹೊತ್ತಿಸುವ ಗುಂಡು. ಕೇಪಿನ ಸುತ್ತ ಬಳಿದ ಬಣ್ಣವೂ ಇದನ್ನೇ ಹೇಳುತ್ತದೆ: ನೇರಳೆ ಸಾಧಾರಣ ಗುಂಡಿಗೆ, ಕೆಂಪು ಬೆಳಕಿನ ಗೆರೆಯದಕ್ಕೆ, ಹಸಿರು ತಗಡು ತೂರುವುದಕ್ಕೆ, ನೀಲಿ ಬೆಂಕಿ ಹೊತ್ತಿಸುವುದಕ್ಕೆ. ಮಣ್ಣಿನಲ್ಲಿ ಬಣ್ಣ ಅಳಿಯುವುದು ಸಹಜ. ಕಿಲುಬಿನ ಹಸಿರನ್ನು ಬಣ್ಣವೆಂದು ಎಣಿಸಬಾರದು.

ಖಾಲಿಯೆಂದು ಖಚಿತವಾದ ಕವಚವನ್ನು ನೀರಿನಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ಮಣ್ಣು ತೆಗೆದರೆ ಸಾಕು. ಹುಣಸೆಹಣ್ಣು, ಆಮ್ಲ, ತಂತಿಯ ಬ್ರಷ್ಷು ಹಾಕಿ ಉಜ್ಜಿದರೆ ಅಕ್ಷರಗಳು ಸವೆದುಹೋಗುತ್ತವೆ. ಅಕ್ಷರ ಮಸುಕಾಗಿದ್ದರೆ ಒಂದು ಬದಿಯಿಂದ ಓರೆಯಾಗಿ ಬೆಳಕು ಬೀರಿ ನೋಡಿದಾಗ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಓದಲು ಬರುತ್ತದೆ.

ತಳಮುದ್ರೆ ಹೇಳದ ಸಂಗತಿಗಳು

ತಳಮುದ್ರೆಯಲ್ಲಿರುವುದು ತಯಾರಾದ ವರ್ಷ. ಹಾರಿಸಿದ ವರ್ಷ ಅದರಲ್ಲಿಲ್ಲ. ತ್ರೀ ನಾಟ್ ತ್ರೀ ರೈಫಲ್ ಸೇನೆಯಿಂದ ಹಿಂದೆ ಸರಿದ ಮೇಲೂ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಹೀಗಾಗಿ 1943ರ ಮುದ್ರೆಯ ಕವಚ ಬಹಳ ವರ್ಷಗಳ ನಂತರ ಯಾವುದೋ ತರಬೇತಿ ಮೈದಾನದಲ್ಲಿ ಬಿದ್ದದ್ದೂ ಆಗಿರಬಹುದು. ಅದನ್ನು ನಿರ್ಧರಿಸುವುದು ಅದು ಸಿಕ್ಕಿದ ಸ್ಥಳ, ಆಳ ಮತ್ತು ಅದರೊಡನೆ ಸಿಕ್ಕಿದ ಇತರ ವಸ್ತುಗಳು.

ಇದಕ್ಕೆ ನಮ್ಮ ದೇಶದ ಉತ್ತಮ ನಿದರ್ಶನ ಮಣಿಪುರ ಮತ್ತು ನಾಗಾಲ್ಯಾಂಡ್. 1944ರ ಮಾರ್ಚ್‌ನಿಂದ ಜುಲೈವರೆಗೆ ಇಂಫಾಲದ ಸುತ್ತಲಿನ ಬೆಟ್ಟಗಳಲ್ಲಿ, ಏಪ್ರಿಲ್ 4ರಿಂದ ಜೂನ್ 22ರವರೆಗೆ ಕೊಹಿಮಾದಲ್ಲಿ ಜಪಾನೀ ಸೈನ್ಯದೊಡನೆ ಘೋರ ಕಾಳಗ ನಡೆಯಿತು. ಆ ಬೆಟ್ಟಗಳ ಮಣ್ಣಿನಲ್ಲಿ ಇಂದಿಗೂ ಆ ಯುದ್ಧದ ಅವಶೇಷಗಳು ದೊರೆಯುತ್ತವೆ. ಸ್ಥಳೀಯ ಆಸಕ್ತರು ಲೋಹಶೋಧಕದ ನೆರವಿನಿಂದ ಅವುಗಳನ್ನು ಸಂಗ್ರಹಿಸಿದ್ದಾರೆ. 2019ರಲ್ಲಿ ಇಂಫಾಲದ ಸಮೀಪ ಶಾಂತಿ ವಸ್ತುಸಂಗ್ರಹಾಲಯವೊಂದು ತೆರೆದಿದೆ. ಅಲ್ಲಿ ಅಂಚು ಚಾಚಿದ, ಅಕ್ಷರಗಳುಳ್ಳ ಕವಚ ಸಿಕ್ಕರೆ ಅದು ಬ್ರಿಟಿಷ್ ಭಾರತೀಯ ಸೇನೆಯ ಸರಬರಾಜು ಎನ್ನಬಹುದು. ಜಪಾನೀ ಭೂಸೇನೆಯ 6.5 ಮತ್ತು 7.7 ಮಿಲಿಮೀಟರ್ ರೈಫಲ್ ಕವಚಗಳಲ್ಲಿ ಸಾಮಾನ್ಯವಾಗಿ ತಳಮುದ್ರೆಯೇ ಇರುವುದಿಲ್ಲ. ಅಕ್ಷರವಿಲ್ಲದಿರುವುದೇ ಅವುಗಳ ಗುರುತು.

ಆದರೆ ಕವಚ ಬ್ರಿಟಿಷರದಾದ ಮಾತ್ರಕ್ಕೆ ಅದನ್ನು ಹಾರಿಸಿದವನು ಬ್ರಿಟಿಷರ ಪಕ್ಷದವನೇ ಎಂದು ಹೇಳಲಾಗದು. 1942ರ ಫೆಬ್ರವರಿಯಲ್ಲಿ ಸಿಂಗಪುರ ಪತನವಾದಾಗ ವಶವಾದ ಬ್ರಿಟಿಷ್ ರೈಫಲ್ಲುಗಳು ಆಜಾದ್ ಹಿಂದ್ ಫೌಜಿನ ಕೈಸೇರಿದ್ದವು. ಆ ಫೌಜಿನ ಯೋಧರು 1944ರ ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗ್‌ನಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಿದರು. ಒಂದೇ ಬಗೆಯ ರೈಫಲ್ಲನ್ನು ಹಿಡಿದ ಭಾರತೀಯರು ಎದುರುಬದುರಾಗಿ ನಿಂತಿದ್ದ ರಣಭೂಮಿ ಅದು. ಅಂತಹ ನೆಲದಿಂದ ಒಂದು ಕವಚವನ್ನು ಎತ್ತಿ, ಸ್ಥಳವನ್ನು ಗುರುತು ಹಾಕಿಕೊಳ್ಳದೆ ಜೇಬಿಗೆ ಹಾಕಿಕೊಂಡರೆ ಅದು ಯಾವ ಕಂದಕದಲ್ಲಿತ್ತು, ಯಾವ ಕಡೆಗೆ ಮುಖ ಮಾಡಿದ ಕಂದಕ ಅದು ಎಂಬ ಸಾಕ್ಷ್ಯ ಮರಳಿ ಬಾರದಂತೆ ಅಳಿಯುತ್ತದೆ.

ಸ್ಥಳವನ್ನು ದಾಖಲಿಸಿದರೆ ಎಷ್ಟು ತಿಳಿಯಬಹುದೆಂಬುದಕ್ಕೆ ಅಮೆರಿಕದ ಲಿಟ್ಲ್ ಬಿಗ್ ಹಾರ್ನ್ ರಣಭೂಮಿ ಪ್ರಸಿದ್ಧ ಉದಾಹರಣೆ. 1876ರ ಜೂನ್‌ನಲ್ಲಿ ಅಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ನೇರ ನೇತೃತ್ವದಲ್ಲಿದ್ದ ತುಕಡಿ ಮೂಲನಿವಾಸಿ ಯೋಧರ ಕೈಯಲ್ಲಿ ಪೂರ್ಣವಾಗಿ ನಾಶವಾಯಿತು. 1983ರಲ್ಲಿ ಕಾಳ್ಗಿಚ್ಚು ಹುಲ್ಲನ್ನು ಸುಟ್ಟುಹಾಕಿದ ನಂತರ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಇಡೀ ಬಯಲನ್ನು ಸಾಲುಸಾಲಾಗಿ ಶೋಧಿಸಿದರು. ಪ್ರತಿಯೊಂದು ಕವಚದ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, ಕೇಪಿನ ಮೇಲಿನ ಮೊಳೆಯ ಗುಳಿಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಒಂದು ಬಂದೂಕಿನ ಮೊಳೆಯ ಗುರುತು ಇನ್ನೊಂದರಂತೆ ಇರುವುದಿಲ್ಲವಾದ್ದರಿಂದ ಒಂದೇ ಬಂದೂಕು ರಣಭೂಮಿಯಲ್ಲಿ ಎಲ್ಲಿಂದ ಎಲ್ಲಿಗೆ ಸಾಗಿತೆಂಬುದು ಕೂಡ ಬೆಳಕಿಗೆ ಬಂದಿತು.

ಖಾಲಿ ಕವಚಗಳ ಎಣಿಕೆ ನಮ್ಮ ಇತಿಹಾಸದಲ್ಲಿಯೂ ಒಂದು ಕರಾಳ ಪುಟದ ಸಾಕ್ಷಿಯಾಗಿದೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ನಿರಾಯುಧ ಜನರ ಮೇಲೆ 1,650 ಗುಂಡುಗಳನ್ನು ಹಾರಿಸಲಾಯಿತು. ಈ ಸಂಖ್ಯೆ ಪಡೆಯವರು ಹೆಕ್ಕಿ ತೆಗೆದ ಖಾಲಿ ಕವಚಗಳ ಎಣಿಕೆಯಿಂದ ಬಂದದ್ದೆಂದು ತಿಳಿಯಲಾಗಿದೆ. ಹಿತ್ತಾಳೆಯ ಒಂದು ಪುಟ್ಟ ಕೊಳವೆಯ ಸಾಕ್ಷ್ಯದ ಬೆಲೆ ಎಷ್ಟೆಂಬುದನ್ನು ಅರಿಯಲು ಇಷ್ಟು ಸಾಕು.

ಮುಟ್ಟಲೇಬಾರದ ವಸ್ತುಗಳು

ಲೋಹಶೋಧಕ ಸದ್ದು ಮಾಡಿದಾಗ ಅಡಿಯಲ್ಲಿರುವುದು ಕವಚವೋ, ಕೈಬಾಂಬೋ ಎಂಬುದನ್ನು ಅದು ಹೇಳದು. ಹೆಬ್ಬೆರಳಿಗಿಂತ ದಪ್ಪನಾದ, ಮೊನಚಾದ ಅಥವಾ ರೆಕ್ಕೆಗಳಿರುವ ಲೋಹದ ವಸ್ತು, ಸೀತಾಫಲದಂತೆ ಮೈಯೆಲ್ಲ ಉಬ್ಬುಗಳಿರುವ ಕಬ್ಬಿಣದ ಉಂಡೆ, ತುದಿಯಲ್ಲಿ ಹಿತ್ತಾಳೆಯ ತಿರುಪು ಕೂಡಿಸಿದ ಉಕ್ಕಿನ ಗುಂಡು ಇವು ಕಂಡಲ್ಲಿ ಅಗೆಯುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಮಾರ್ಟರ್ ಗುಂಡು, ಕೈಬಾಂಬು, ಫಿರಂಗಿಯ ಷೆಲ್ಲುಗಳು ಹಳೆಯದಾದಷ್ಟೂ ನಿರುಪದ್ರವಿಗಳಾಗುತ್ತವೆಂಬ ನಂಬಿಕೆ ತಪ್ಪು. ಸುರಕ್ಷಾ ಕೀಲು ತುಕ್ಕು ಹಿಡಿದು ಸವೆದಿರುತ್ತದೆ. ಪಿಕ್ರಿಕ್ ಆಮ್ಲದಂತಹ ಹಳೆಯ ಸ್ಫೋಟಕ ಲೋಹದೊಡನೆ ಬೆರೆತು ಮೊದಲಿಗಿಂತಲೂ ಸೂಕ್ಷ್ಮವಾದ ಲವಣಗಳಾಗಿ ಮಾರ್ಪಟ್ಟಿರುತ್ತದೆ. ಅಲ್ಪ ಘರ್ಷಣೆಯೂ ಸ್ಫೋಟಕ್ಕೆ ಕಾರಣವಾಗಬಹುದು.

ಮೊಯಿರಾಂಗ್‌ನಲ್ಲಿ ಧ್ವಜ ಹಾರಿದ ಅದೇ 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸುಮಾರು 1,400 ಟನ್ ಸ್ಫೋಟಕಗಳೊಡನೆ ಸಿಡಿಯಿತು. ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ಸ್ಮರಣೆಗಾಗಿಯೇ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹವನ್ನು ಆಚರಿಸಲಾಗುತ್ತದೆ. ಬಂದರಿನ ತಳದ ಹೂಳೆತ್ತುವಾಗ 2011ರಲ್ಲಿ ಕೂಡ ಜೀವಂತ ಷೆಲ್ಲೊಂದು ಮೇಲೆ ಬಂದು, ನೌಕಾಪಡೆಯವರು ಅದನ್ನು ನಿಷ್ಕ್ರಿಯಗೊಳಿಸಬೇಕಾಯಿತು. 67 ವರ್ಷ ಕೆಸರಿನಲ್ಲಿದ್ದರೂ ಅದರ ಅಪಾಯ ತೀರಿರಲಿಲ್ಲ.

ಗುಜರಿಯ ದಾರಿಯಿಂದಲೂ ಈ ಅಪಾಯ ಮನೆಬಾಗಿಲಿಗೆ ಬರುತ್ತದೆ. 2004ರ ಸೆಪ್ಟೆಂಬರ್ 30ರಂದು ದೆಹಲಿಯ ಸಮೀಪದ ಸಾಹಿಬಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹೊರದೇಶದಿಂದ ಬಂದ ಗುಜರಿಯೊಳಗೆ ಅಡಗಿದ್ದ ಷೆಲ್ಲುಗಳು ಸಿಡಿದು 10 ಮಂದಿ ಕಾರ್ಮಿಕರು ಮಡಿದರು. ಅಭ್ಯಾಸದ ಫೈರಿಂಗ್ ಮೈದಾನಗಳ ಪಕ್ಕದ ಹಳ್ಳಿಗಳಲ್ಲಿ ಹಿತ್ತಾಳೆ, ತಾಮ್ರದ ಆಸೆಗೆ ಷೆಲ್ಲುಗಳನ್ನು ಹೆಕ್ಕಲು ಹೋಗಿ, ಮನೆಯಲ್ಲಿ ಅವುಗಳನ್ನು ಒಡೆಯಲು ಯತ್ನಿಸಿ ಸತ್ತವರಲ್ಲಿ ಮಕ್ಕಳೂ ಇದ್ದಾರೆ. ಕಿಲೋ ಹಿತ್ತಾಳೆಗೆ ಸಿಗುವ ನಾಲ್ಕು ಕಾಸು ಒಂದು ಜೀವದ ಬೆಲೆಯಲ್ಲ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡನ್ನು ಇಟ್ಟುಕೊಳ್ಳುವುದು ಅಪರಾಧ. ‘ನೆಲದಲ್ಲಿ ಸಿಕ್ಕಿತು’, ‘ಅಜ್ಜನ ಪೆಟ್ಟಿಗೆಯಲ್ಲಿತ್ತು’ ಎಂಬ ಸಮಜಾಯಿಷಿ ಜೀವಂತ ಕಾಡತೂಸಿಗೆ ಪರವಾನಗಿಯಾಗದು. ಕಾಯಿದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಸೇರಿವೆ. ಪೂರಕ ಭಾಗಗಳೊಡನೆ ಜೋಡಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ 45ನೇ ಕಲಮಿನಲ್ಲಿ ವಿನಾಯಿತಿ ಉಂಟು. ಆದರೂ ಖಾಲಿ ಕವಚಗಳನ್ನು ರಾಶಿಗಟ್ಟಲೆ ಕೂಡಿಹಾಕುವುದು, ಮಾರುವುದು ಸಂದೇಹಕ್ಕೆ ಎಡೆಗೊಡುತ್ತದೆ. ವಿಮಾನಪ್ರಯಾಣದ ಚೀಲದಲ್ಲಿ ಇಂತಹ ವಸ್ತುವನ್ನು ಮರೆತೂ ಇಡಬಾರದು.

ಅಗೆಯುವ ಹಕ್ಕಿಗೂ ಮಿತಿಗಳಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಉತ್ಖನನ ನಡೆಸುವಂತಿಲ್ಲ. 1878ರ ನಿಧಿ ಕಾಯಿದೆಯಂತೆ ನೆಲದಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯವಾಗಬಹುದು. ಸೇನೆಯ ನೆಲವಂತೂ ಹವ್ಯಾಸಿಗಳಿಗೆ ನಿಷಿದ್ಧ.

ನಾಗರಿಕರು ಮಾಡಬೇಕಾದುದು

ಜೀವಂತವೆಂದು ತೋರುವ ಅಥವಾ ಸಂದೇಹಾಸ್ಪದವಾದ ವಸ್ತು ಕಂಡಲ್ಲಿ ಅದನ್ನು ಮುಟ್ಟಬಾರದು, ಅಲುಗಿಸಬಾರದು, ನೀರಿಗೆ ಎಸೆಯಬಾರದು, ಪೊಲೀಸ್ ಠಾಣೆಗೆ ಹೊತ್ತೊಯ್ಯಲೂಬಾರದು. ಬಂದ ದಾರಿಯಲ್ಲೇ ಹಿಂದಿರುಗಿ, ದೂರದಿಂದ ಕಾಣುವಂತೆ ಒಂದು ಗುರುತು ಮಾಡಿ, ಮಕ್ಕಳು ಮತ್ತು ದನಕರುಗಳು ಅತ್ತ ಹೋಗದಂತೆ ತಡೆಯಬೇಕು. ಸಾಕಷ್ಟು ದೂರ ಸರಿದ ಮೇಲೆ 112ಕ್ಕೆ ದೂರವಾಣಿ ಮಾಡಿ ಸ್ಥಳ, ವಸ್ತುವಿನ ಅಂದಾಜು ಗಾತ್ರ ಮತ್ತು ಆಕಾರವನ್ನು ತಿಳಿಸಬೇಕು. ಪೊಲೀಸರ ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳ, ಅಗತ್ಯಬಿದ್ದರೆ ಸೇನೆಯ ತಜ್ಞರು ಮುಂದಿನ ಕೆಲಸವನ್ನು ನೋಡಿಕೊಳ್ಳುತ್ತಾರೆ.

ಖಾಲಿ ಕವಚ ಸಿಕ್ಕಿದಾಗ ಎತ್ತುವ ಮೊದಲು ಇದ್ದ ಸ್ಥಿತಿಯಲ್ಲೇ ಛಾಯಾಚಿತ್ರ ತೆಗೆಯಬೇಕು. ಸ್ಥಳ, ಆಳ, ದಿನಾಂಕ, ಉದ್ದ, ಅಂಚಿನ ವ್ಯಾಸ, ತಳಮುದ್ರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕವಚದೊಡನೆ ಇಡಬೇಕು. ಅನೇಕ ಕವಚಗಳು ಒಂದೆಡೆ ಸಿಕ್ಕಲ್ಲಿ ಅಗೆತವನ್ನು ನಿಲ್ಲಿಸಿ ಸ್ಥಳೀಯ ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸುವುದು ನಾಗರಿಕ ಕರ್ತವ್ಯ. ಶಾಲೆಗಳಲ್ಲಿ, ಗುಜರಿ ವ್ಯಾಪಾರಿಗಳ ನಡುವೆ, ಕಟ್ಟಡ ಕಾರ್ಮಿಕರ ನಡುವೆ ಈ ತಿಳಿವಳಿಕೆಯನ್ನು ಹರಡಬೇಕಾದ ಅಗತ್ಯ ಬಹಳವಿದೆ. ಅಡಿಪಾಯದ ಗುಂಡಿಗೆ ಮೊದಲು ಇಳಿಯುವವರು, ಗುಜರಿಯ ರಾಶಿಗೆ ಮೊದಲು ಕೈಹಾಕುವವರು ಅವರೇ. ಊರು ಬಿಟ್ಟು ಬಂದು ನಗರಗಳಲ್ಲಿ ದುಡಿಯುವ ಆ ಜನರಿಗೆ ಅವರವರ ಭಾಷೆಯಲ್ಲಿಯೇ ಈ ಮಾತನ್ನು ತಲುಪಿಸುವ ಹೊಣೆಯನ್ನು ಕನ್ನಡ ಸಂಘಗಳು ವಹಿಸಿಕೊಂಡರೆ ಅದೊಂದು ಸಾರ್ಥಕವಾದ ಸೇವೆಯಾಗುತ್ತದೆ.